ನಮ್ಮ ಮಗಳ ಲಂಗ ಯಾವ ಬ್ರ್ಯಾಂಡ್ ಎಂದು ಕೇಳಿದ ಶಾಲೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಡಳಿತ ಮಂಡಳಿಯ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರು,
ನನ್ನ ಮಗಳು ಓದುತ್ತಿರುವ ಖಾಸಗಿ ಶಾಲೆ,
ಗೌರಿಬಿದನೂರು ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ.

ವಿಷಯ: ಶಾಲೆಯಲ್ಲಿ ಮಕ್ಕಳ ಬಟ್ಟೆಯ ಬ್ರ್ಯಾಂಡ್ ಕೇಳುವುದನ್ನು, ಬಟ್ಟೆ ನೋಡಿ ಬಹುಮಾನ ಕೊಡುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ನಿಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿರುವ ಹುಡುಗಿಯ ತಾಯಿ. ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಟೈಲರ್ ಕೆಲಸ ಮಾಡುತ್ತಿದ್ದೇನೆ. ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳ ಫೀಸನ್ನು ಮೂರು ಕಂತಿನಲ್ಲಿ ಕಟ್ಟುತ್ತೇವೆ. ಇಲ್ಲಿವರೆಗೆ ಒಂದು ಕಂತೂ ತಪ್ಪಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಟ್ಟೆ ವಿಚಾರ ಎತ್ತಿದ ಕೂಡಲೇ "ಕೊಡಿಸೋಕೆ ಆಗಲ್ಲ, ಅದಕ್ಕೇ ಹೀಗೆ ಮಾತಾಡ್ತಾರೆ" ಅನ್ನುವವರಿದ್ದಾರೆ. ನನ್ನ ಬಗ್ಗೆಯೂ ಹಾಗೆ ಅಂದಿದ್ದಾರೆ. ನನ್ನ ದೂರು ಬೆಲೆಯ ಬಗ್ಗೆ ಮಾತ್ರ ಆಗಿದ್ದರೆ ನಾನು ಮನೆಯಲ್ಲೇ ಹೇಳಿಕೊಂಡು ಸುಮ್ಮನಾಗುತ್ತಿದ್ದೆ.

ಶಾಲೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ನಿಮ್ಮ ಒಂದು ಶಾಲೆಯಲ್ಲಿ ಮಾತ್ರ ಹೀಗೆ ನಡೆಯುತ್ತಿದೆ ಅಂತ ನಾನು ಅಂದುಕೊಂಡಿಲ್ಲ. ಚಿಕ್ಕಬಳ್ಳಾಪುರದಲ್ಲಿರುವ ನನ್ನ ತಂಗಿ, ಮಧುಗಿರಿಯಲ್ಲಿರುವ ನಾದಿನಿ, ಇಬ್ಬರೂ ಇದೇ ಕಥೆ ಹೇಳುತ್ತಾರೆ. ಹೆಸರು ಹಾಕಿದರೆ ಜನ ಆ ಶಾಲೆಯ ಬಗ್ಗೆ ಎರಡು ದಿನ ಮಾತಾಡಿ ಮರೆಯುತ್ತಾರೆ. ನಿಮಗೆ ಮಾತ್ರ ಓದಿದ ಕೂಡಲೇ ಗೊತ್ತಾಗುತ್ತದೆ. ಅಷ್ಟು ಸಾಕು.

ನಡೆದದ್ದು ಇದು. 2025ರ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ನಾಲ್ಕು ದಿನ ಮುಂಚೆ ಪೋಷಕರ ವಾಟ್ಸಾಪ್ ಗ್ರೂಪ್‌ನಲ್ಲಿ ಶಾಲೆಯ ಸಂದೇಶ ಬಂತು. ಮಕ್ಕಳು ಕಲರ್ ಡ್ರೆಸ್‌ನಲ್ಲಿ ಬರಬೇಕು, ಪಾರ್ಟಿ ವೇರ್ ಅಥವಾ ಡಿಸೈನರ್ ವೇರ್ ಇದ್ದರೆ ಒಳ್ಳೆಯದು, ಬೆಸ್ಟ್ ಡ್ರೆಸ್‌ಗೆ ಬಹುಮಾನ ಇದೆ ಎಂದಿತ್ತು. ನನಗೆ ಹೊಲಿಗೆ ಬರುತ್ತದಲ್ಲ, ನಾನೇ ಹೊಲಿಯೋಣ ಅಂದುಕೊಂಡೆ. ನಮ್ಮತ್ತೆಯ ಹತ್ತಿರ ಒಂದು ಹಳೇ ಹಸಿರು ರೇಷ್ಮೆ ಸೀರೆ ಇತ್ತು. ಕೆಂಪು ಅಂಚಿನದು, ಸೆರಗು ಹರಿದು ಪೆಟ್ಟಿಗೆಯಲ್ಲಿ ಕೂತಿತ್ತು. ಅವರೇ ತೆಗೆದುಕೊಟ್ಟರು. ಮೂರು ರಾತ್ರಿ ಕೂತು ಲಂಗ, ಬ್ಲೌಸ್ ಹೊಲಿದೆ. ಒಳಗೆ ಮೈಗೆ ಚುಚ್ಚದ ಹಾಗೆ ಮೆತ್ತನೆಯ ಕಾಟನ್ ಲೈನಿಂಗ್ ಕೊಟ್ಟೆ. ಸೊಂಟಕ್ಕೆ ಅಗಲ ಎಲಾಸ್ಟಿಕ್. ಕೆಳಗೆ ಎರಡು ಟಕ್ಕು ಹಿಡಿದೆ, ವರ್ಷಕ್ಕೊಂದು ಬಿಚ್ಚಿದರೆ ಮೂರು ವರ್ಷ ಬರುತ್ತದೆ. ಬಲಗಡೆ ಒಳಗೆ ಒಂದು ಜೇಬೂ ಇಟ್ಟೆ. ನನ್ನ ಮಗಳಿಗೆ ಹುಣಸೆಬೀಜ ಆರಿಸಿ ಇಟ್ಟುಕೊಳ್ಳುವ ಅಭ್ಯಾಸ. ಜೇಬು ನೋಡಿ ಅವಳು ಕುಣಿದಾಡಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ಆ ದಿನ ನಾನು ರಜೆ ಹಾಕಿ ಬಂದಿದ್ದೆ. ನಮ್ಮಲ್ಲಿ ಒಂದು ದಿನ ತಪ್ಪಿದರೆ ಆ ತಿಂಗಳ ಅಟೆಂಡೆನ್ಸ್ ಬೋನಸ್ ಹೋಗುತ್ತದೆ. ಹೋಗಲಿ, ಮಗಳನ್ನು ವೇದಿಕೆ ಮೇಲೆ ನೋಡಬೇಕು ಅನ್ನುವ ಆಸೆ. ಮೂರನೇ ಸಾಲಿನಲ್ಲಿ ಕೂತಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ನಡೆದು ಬರಬೇಕು, ಮೈಕ್ ಹಿಡಿದ ಟೀಚರ್ ಮಾತಾಡಿಸುತ್ತಾರೆ. ಮೊದಲು ಹೆಸರು ಕೇಳಿದರು. ಆಮೇಲೆ, "ವಾವ್, ಯಾವ ಬ್ರ್ಯಾಂಡ್ ಇದು? ಎಲ್ಲಿಂದ ತಂದ್ರು?" ಅಂದರು. ಒಬ್ಬ ಹುಡುಗ ಬೆಂಗಳೂರಿನ ಮಾಲ್ ಅಂದ. ಇನ್ನೊಬ್ಬಳು ಹಿಂದೂಪುರದ ಅಂಗಡಿ ಹೆಸರು ಹೇಳಿದಳು. ಒಂದನೇ ತರಗತಿಯ ಒಂದು ಪುಟ್ಟ ಮಗುವಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಆಗ ಟೀಚರ್ ಆ ಮಗುವಿನ ಕಾಲರ್ ಮಗುಚಿ, ಒಳಗಿನ ಲೇಬಲ್ ಓದಿ ಮೈಕ್‌ನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಮಗಳ ಸರದಿ ಬಂತು. ಅವಳಿಗೂ ಅದೇ ಪ್ರಶ್ನೆ. ಅವಳು ನನ್ನ ಕಡೆ ನೋಡಿದಳು. ಟೀಚರ್ ಬ್ಲೌಸ್‌ನ ಕತ್ತಿನ ಹಿಂದೆ ಬೆರಳು ಹಾಕಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಓ, ಲೋಕಲ್ಲಾ? ಚೆನ್ನಾಗಿದೆ, ಚೆನ್ನಾಗಿದೆ, ನೆಕ್ಸ್ಟ್" ಅಂದರು. ಹಿಂದಿನ ಸಾಲಿನಲ್ಲಿ ಕೆಲವು ಮಕ್ಕಳು ನಕ್ಕರು. ಮಕ್ಕಳು ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ, ಮಕ್ಕಳು ಯಾವುದಕ್ಕೂ ನಗುತ್ತವೆ. ದೊಡ್ಡವರೂ ನಕ್ಕರು, ಅದನ್ನು ನಾನು ನೋಡಿದೆ.

ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಮ್ಮ, ನಮ್ದು ಯಾವ ಕಂಪನಿ?" ನಾನು ಹೊಲಿದಿದ್ದು ಅಲ್ವಾ ಅಂದೆ. "ಅದಲ್ಲ, ಕಂಪನಿ" ಅಂದಳು.

ಎರಡು ದಿನ ಬಿಟ್ಟು ಭಾನುವಾರ ಬಟ್ಟೆ ಒಗೆಯಲು ತೆಗೆದಾಗ ಲಂಗದ ಸೊಂಟದ ಹಿಂದೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ತಿರುಗಿಸಿ ನೋಡಿದೆ. ಅವಳ ಹೋದ ವರ್ಷದ ಶಾಲೆ ಬ್ಯಾಗು ಹರಿದು ಮೂಲೆಯಲ್ಲಿ ಬಿದ್ದಿತ್ತು. ಅದರ ಮೇಲಿದ್ದ ಕಂಪನಿ ಲೇಬಲನ್ನು ಕತ್ತರಿಸಿ ತೆಗೆದು ಇಲ್ಲಿ ಹೊಲಿದಿದ್ದಳು. ಹಸಿರು ಬಟ್ಟೆಗೆ ಬಿಳಿ ದಾರ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಗಂಟು ಹೊರಗೇ ಉಳಿದಿತ್ತು. ಸೂಜಿ ಹಿಡಿಯಲು ನಾನಿನ್ನೂ ಅವಳಿಗೆ ಕಲಿಸಿಲ್ಲ. ಎಡಗೈಯ ತೋರುಬೆರಳ ತುದಿಯಲ್ಲಿ ಎರಡು ಕಡೆ ಚುಚ್ಚಿದ ಗುರುತಿತ್ತು.

ಮಾನ್ಯರೇ, ಲೇಬಲ್ ಹೊಲಿಯುವುದು ನನ್ನ ಕೆಲಸ. ಎರಡು ವರ್ಷ ನನಗೆ ಲೈನ್‌ನಲ್ಲಿ ಕೊಟ್ಟಿದ್ದ ಆಪರೇಷನ್ ಅದೇ. ಒಬ್ಬರು ಕಾಲರ್ ಮಾಡುತ್ತಾರೆ, ಒಬ್ಬರು ಕಫ್, ಇನ್ನೊಬ್ಬರು ತೋಳು ಕೂಡಿಸುತ್ತಾರೆ, ಮತ್ತೊಬ್ಬರು ಸೈಡ್ ಹೊಲಿಗೆ. ನಾನು ಕತ್ತಿನ ಹಿಂದೆ ಲೇಬಲ್ ಇಟ್ಟು ಹೊಲಿಯಬೇಕು. ಗಂಟೆಗೆ ನೂರಿಪ್ಪತ್ತು ಪೀಸ್ ಟಾರ್ಗೆಟ್. ತಲೆ ಎತ್ತಿದರೆ ಎದುರಿಗೆ ಬೋರ್ಡ್, ಗಂಟೆಗಂಟೆಗೆ ಎಷ್ಟಾಯಿತು ಎಂದು ಬರೆದಿರುತ್ತಾರೆ. ಈ ತಿಂಗಳು ಒಂದು ಕಂಪನಿಯ ಲೇಬಲ್, ಮುಂದಿನ ತಿಂಗಳು ಇನ್ನೊಂದರದು. ಅದೇ ಮಷೀನು, ಅದೇ ಕೈ. ಪ್ಯಾಕಿಂಗ್ ಕಡೆ ಹೋದರೆ ಡಾಲರ್, ಯೂರೋದಲ್ಲಿ ಬೆಲೆ ಹಾಕಿದ ಟ್ಯಾಗ್ ನೇತಾಡುತ್ತಿರುತ್ತದೆ. ಹಾಗಾಗಿ ಕಾಲರ್ ಮಗುಚಿ ಮಗುವಿನ ಬೆಲೆ ನೋಡುವಾಗ ನನಗೆ ಆದ ಸಂಕಟ ಬೇರೆ ತಾಯಂದಿರಿಗಿಂತ ಸ್ವಲ್ಪ ಜಾಸ್ತಿಯೇ ಇರಬಹುದು. ಈ ಜಿಲ್ಲೆಯಿಂದ ಬೆಳಗಾಗುವ ಮುಂಚೆ ಬಸ್ಸು, ರೈಲು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಎಷ್ಟು ಜನ ಇದ್ದಾರೆ ಎಂದು ನಿಮಗೂ ಗೊತ್ತು. ನಿಮ್ಮ ಶಾಲೆಯಲ್ಲೂ ನಮ್ಮಂಥವರ ಮಕ್ಕಳಿದ್ದಾರೆ.

ಬ್ರ್ಯಾಂಡ್ ಬಟ್ಟೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಕೆಲಸಕ್ಕೇ ಅವಮಾನ. ಒಂದು ಇಂಚಿಗೆ ಇಷ್ಟು ಹೊಲಿಗೆ ಇರಬೇಕು ಎಂದಿದ್ದರೆ ಅಷ್ಟೇ ಇರಬೇಕು, ಇಲ್ಲದಿದ್ದರೆ ಚೆಕಿಂಗ್‌ನಲ್ಲಿ ವಾಪಸ್ ಬರುತ್ತದೆ. ಮಕ್ಕಳ ಬಟ್ಟೆಗಂತೂ ಇನ್ನೂ ಹುಷಾರು. ಹೊಲಿಯುವಾಗ ಸೂಜಿ ಮುರಿದರೆ ಎಲ್ಲ ತುಂಡನ್ನೂ ಹುಡುಕಿ, ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೇ ಹೊಸ ಸೂಜಿ ಕೊಡುತ್ತಾರೆ. ಒಂದು ತುಂಡು ಸಿಗದಿದ್ದರೂ ಅಲ್ಲಿದ್ದ ಪೀಸ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಹುಡುಕಬೇಕು. ಕೊನೆಗೆ ಲೋಹ ಪತ್ತೆ ಹಚ್ಚುವ ಮಷೀನಿನೊಳಗೆ ಹೋಗಿ ಬಂದ ಮೇಲೇ ಡಬ್ಬಿಗೆ. ಯುರೋಪಿಗೆ ಹೋಗುವ ಚಿಕ್ಕ ಮಕ್ಕಳ ಬಟ್ಟೆಗೆ ಕತ್ತಿನ ಹತ್ತಿರ ಲಾಡಿ ಇಡುವ ಹಾಗಿಲ್ಲ, ಆಟ ಆಡುವಾಗ ಎಲ್ಲಾದರೂ ಸಿಕ್ಕಿಕೊಂಡು ಉಸಿರು ಕಟ್ಟೀತು ಎಂದು. ಇಂಥದ್ದೆಲ್ಲ ನೋಡಿ ಯಾರಾದರೂ ಒಳ್ಳೆ ಬಟ್ಟೆಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೆ ಅದು ಬುದ್ಧಿವಂತಿಕೆ. ಆದರೆ ವೇದಿಕೆ ಮೇಲೆ ಟೀಚರ್ ಓದಿದ್ದು ಹೊಲಿಗೆಯನ್ನಲ್ಲ. ಹೆಸರನ್ನು.

ಇನ್ನು ಆ ದಿನ ಬಹುಮಾನ ಬಂದ ಫ್ರಾಕ್ ಬಗ್ಗೆ. ಆ ಮಗುವಿನ ಮೇಲೆ ನನಗೆ ಪ್ರೀತಿಯೇ ಇದೆ, ನನ್ನ ಮಗಳ ಗೆಳತಿ. ನೆಟ್ ಬಟ್ಟೆ, ಮೇಲೆಲ್ಲ ಮಿಂಚು, ನೆಲ ಗುಡಿಸುವಷ್ಟು ಉದ್ದ. ಕಂಕುಳ ಹತ್ತಿರ ಮಿಂಚಿನ ಚೂರು ಉಜ್ಜಿ ಉಜ್ಜಿ ಕೆಂಪಗಾಗಿತ್ತು. ಮಧ್ಯಾಹ್ನ ಮಕ್ಕಳೆಲ್ಲ ಬಯಲಲ್ಲಿ ಓಡುತ್ತಿದ್ದರೆ ಈ ಮಗು ಮೆಟ್ಟಿಲ ಮೇಲೆ ಕೂತಿತ್ತು. ಯಾಕಮ್ಮ ಎಂದು ಕೇಳಿದೆ. "ಕೊಳೆ ಆದ್ರೆ ಅಮ್ಮ ಬೈತಾರೆ ಆಂಟಿ" ಅಂದಿತು. ಬಾತ್‌ರೂಮಿಗೂ ಹೋಗಿರಲಿಲ್ಲ, ಜಿಪ್ ಬಿಚ್ಚಿದರೆ ಮತ್ತೆ ಹಾಕಲು ಬರುವುದಿಲ್ಲ ಎಂದು. ನಾನೇ ಕರೆದುಕೊಂಡು ಹೋದೆ. ಮಕ್ಕಳ ದಿನ ಅದು. ಇಂಥ ಬಟ್ಟೆ ಹಾಕಿದ ಮಕ್ಕಳ ಕೈಗೇ ಕಾರ್ಯಕ್ರಮದ ಶುರುವಿನಲ್ಲಿ ದೀಪ ಕೊಟ್ಟು ನಿಲ್ಲಿಸಿದ್ದಿರಿ. ಪಾಲಿಸ್ಟರ್ ನೆಟ್‌ಗೆ ಕಿಡಿ ತಾಗಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನೀರು ಹಾಕಿದರೂ ಬಿಟ್ಟು ಬರುವುದಿಲ್ಲ. ದಯವಿಟ್ಟು ಇದೊಂದನ್ನಾದರೂ ಇವತ್ತಿಂದಲೇ ನಿಲ್ಲಿಸಿ.

ಆ ಫ್ರಾಕಿನ ಬಿಲ್ ನಾನು ನೋಡಿದ್ದೇನೆ, ಆ ತಾಯಿಯೇ ತೋರಿಸಿದರು. ಬಟ್ಟೆಗೆ 2,700 ರೂಪಾಯಿ, ಜಿಎಸ್‌ಟಿ 486, ಒಟ್ಟು 3,186. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ ತೆರಿಗೆ ಶೇ. 5, ಅದು ಮೀರಿದರೆ ಶೇ. 18. ಅವರ ಮನೆಯಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ. ಚೀಟಿ ಎತ್ತಿದ ದುಡ್ಡಿನಲ್ಲಿ ತಂದದ್ದು. "ಎಲ್ಲರ ಮಧ್ಯೆ ನಮ್ಮದೊಂದೇ ಸಪ್ಪೆ ಕಾಣಬಾರದು ಅಂತ ತಂದೆ ಅಕ್ಕ, ಬಹುಮಾನ ಬಂತು, ಖುಷಿಯಾಯ್ತು. ಆದ್ರೆ ಜನವರಿಗೆ ಇನ್ನೊಂದು ಬೇಕಂತೆ" ಅಂದರು. ಆಗ ಅವರ ಮುಖದಲ್ಲಿ ಖುಷಿ ಇರಲಿಲ್ಲ.

ಈ ಪತ್ರ ಬರೆಯುವ ಮುಂಚೆ ಬೇರೆ ಪೋಷಕರ ಹತ್ತಿರವೂ ಮಾತಾಡಿದೆ. ನನ್ನ ಮಾತನ್ನೇ ಎಲ್ಲರ ಮಾತು ಎಂದು ಹೇಳಿದರೆ ತಪ್ಪಾಗುತ್ತದೆ. ಟೈಲ್ಸ್ ಅಂಗಡಿ ಇಟ್ಟಿರುವ ಒಬ್ಬ ತಂದೆ ಅಂದರು, "ನನಗೆ ಚಿಕ್ಕವನಿದ್ದಾಗ ಎರಡು ಚಡ್ಡಿ, ಒಂದು ಒಗೆದರೆ ಒಂದು. ನನ್ನ ಮಗನಿಗೆ ನಾನ್ಯಾಕಮ್ಮ ಕಮ್ಮಿ ಮಾಡ್ಲಿ? ದುಡಿಯೋದು ಯಾರಿಗೋಸ್ಕರ?" ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ. ಏಳನೇ ತರಗತಿಯಲ್ಲಿ ನನ್ನ ಲಂಗ ಮೊಣಕಾಲಿನ ಹತ್ತಿರ ಹರಿದಿತ್ತು, ಅಮ್ಮ ಬೇರೆ ಬಣ್ಣದ ತೇಪೆ ಹಾಕಿದ್ದರು. ಆ ವರ್ಷ ಪೂರ್ತಿ ನಾನು ಎಡಗೈಯಲ್ಲಿ ಪುಸ್ತಕವನ್ನು ಆ ತೇಪೆಗೆ ಅಡ್ಡ ಹಿಡಿದೇ ನಡೆದೆ. ತಾನು ಪಟ್ಟದ್ದು ಮಗು ಪಡಬಾರದು ಎಂದು ಯಾವ ತಂದೆ ತಾಯಿಗೆ ಅನಿಸುವುದಿಲ್ಲ?

ಇಬ್ಬರೂ ಸರ್ಕಾರಿ ಕೆಲಸದಲ್ಲಿರುವ ಒಂದು ಮನೆಯವರು, ಬ್ರ್ಯಾಂಡ್ ಬಟ್ಟೆ ಒಗೆದರೂ ಬಣ್ಣ ಬಿಡಲ್ಲ, ದೊಡ್ಡವನಿಗೆ ಆದದ್ದು ಚಿಕ್ಕವನಿಗೂ ಬರುತ್ತದೆ, ಲೆಕ್ಕ ಹಾಕಿದರೆ ಅದೇ ಅಗ್ಗ ಅಂದರು. ಅದೂ ಸರಿಯೇ. ಒಬ್ಬರು ಅಜ್ಜಿ ಮೊಮ್ಮಗನನ್ನು ಕರೆದೊಯ್ಯಲು ಬಂದವರು, "ಮುಖ ನೋಡಿ ಮಣೆ ಹಾಕೋದು ನಮ್ಮ ಕಾಲದಲ್ಲೂ ಇತ್ತು ಕಣಮ್ಮ, ಈಗ ಬಟ್ಟೆ ನೋಡಿ ಹಾಕ್ತಾರೆ" ಎಂದು ಹೇಳಿ ನಿಟ್ಟುಸಿರು ಬಿಟ್ಟರು. ಹುಡುಗ ಕೇಳಿದ ಅಂತ ರಸ್ತೆ ಬದಿಯಲ್ಲಿ 'ಫಸ್ಟ್ ಕಾಪಿ' ಶೂ ತಂದುಕೊಟ್ಟ ಒಬ್ಬ ತಂದೆ ಬೇರೆಯದೇ ಕಷ್ಟ ಹೇಳಿಕೊಂಡರು. ಗುರುತಿನಲ್ಲಿ ಒಂದು ಗೆರೆ ತಪ್ಪಿತ್ತಂತೆ. ಆರನೇ ತರಗತಿ ಹುಡುಗರು ಅದನ್ನು ಕಂಡುಹಿಡಿದು 'ಡೂಪ್ಲಿಕೇಟ್' ಎಂದೇ ಅವನನ್ನು ಕರೆಯಲು ಶುರು ಮಾಡಿದರಂತೆ. ಹನ್ನೊಂದು ವರ್ಷದ ಹುಡುಗನಿಗೆ ಆ ಹೆಸರು ಇವತ್ತಿಗೂ ಉಳಿದಿದೆ. ಶೂ ಹೋಗಿ ಆರು ತಿಂಗಳಾಯಿತು.

ಇನ್ನೊಬ್ಬ ತಾಯಿ ಏನೂ ಹೇಳಲಿಲ್ಲ. ಕಲರ್ ಡ್ರೆಸ್ ದಿನ ಬಂದರೆ ಅವರ ಮಗಳಿಗೆ ಜ್ವರ ಬರುತ್ತದೆ. ನವೆಂಬರ್ 14ರಂದೂ ಬಂದಿತ್ತು. ನಿಮ್ಮ ಹಾಜರಿ ಪುಸ್ತಕ ತೆಗೆದು ಕಲರ್ ಡ್ರೆಸ್ ದಿನಗಳನ್ನು ಒಮ್ಮೆ ನೋಡಿ. ಅವತ್ತು ಯಾರು ಬಂದಿಲ್ಲ, ಅವರ ಮನೆ ಯಾವುದು ಎಂದು ನೋಡಿ. ನನ್ನ ದೂರನ್ನು ನಂಬದಿದ್ದರೂ ಪರವಾಗಿಲ್ಲ, ಆ ಪುಸ್ತಕವನ್ನು ನಂಬಿ.

ಹೀಗೆ ಪೋಷಕರಲ್ಲಿ ನಾನಾ ಅಭಿಪ್ರಾಯ ಇದೆ. ಇರಲಿ. ಮನೆಯಲ್ಲಿ ಯಾರು ಏನು ಕೊಡಿಸುತ್ತಾರೆ ಅನ್ನುವುದು ಅವರವರ ಇಷ್ಟ, ಅದನ್ನು ಕೇಳಲು ನಾನು ಯಾರು? ಮದುವೆಗೆ, ಹಬ್ಬಕ್ಕೆ, ಜಾತ್ರೆಗೆ ಮಕ್ಕಳಿಗೆ ಅಲಂಕಾರ ಮಾಡದೆ ಇರಲು ಆಗುತ್ತದೆಯೇ? ನಾನು ಕೇಳುವುದು ಶಾಲೆಯನ್ನು. ಯೂನಿಫಾರ್ಮ್ ಎಂದು ಒಂದು ಮಾಡಿದ್ದೇ ಎಲ್ಲ ಮಕ್ಕಳೂ ಒಂದೇ ಥರ ಕಾಣಲಿ ಎಂದು. ನನ್ನ ಅಕ್ಕನ ಮಗ ಸರ್ಕಾರಿ ಶಾಲೆಯಲ್ಲಿ ಓದುತ್ತಾನೆ. ಯೂನಿಫಾರ್ಮ್ ಸರ್ಕಾರವೇ ಕೊಡುತ್ತದೆ. 2015-16ರಿಂದ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಕೂಡ ಕೊಡುತ್ತಿದ್ದಾರೆ. ಕೆಲವು ಸಲ ತಡವಾಗುತ್ತದೆ, ಅಳತೆ ಸರಿಹೋಗುವುದಿಲ್ಲ, ಆ ದೂರು ಬೇರೆ. ಆದರೆ ನಿನ್ನ ಶೂ ಯಾವ ಕಂಪನಿ ಎಂದು ಅವನನ್ನು ಯಾರೂ ಕೇಳಿಲ್ಲ. ಎಲ್ಲರದೂ ಅದೇ ಶೂ.

ಈ ವಿಷಯ ಹೇಳಲು ನವೆಂಬರ್ ಕೊನೆಯಲ್ಲಿ ನಾನು ನಿಮ್ಮ ಆಫೀಸಿಗೆ ಬಂದಿದ್ದೆ. ಮುಕ್ಕಾಲು ಗಂಟೆ ಕಾದ ಮೇಲೆ ಐದು ನಿಮಿಷ ಸಿಕ್ಕಿತು. "ನಾವು ಕಡ್ಡಾಯ ಅಂತ ಎಲ್ಲೂ ಹೇಳಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಮ್ಮ" ಎಂದು ಉತ್ತರ ಬಂತು. ವೇದಿಕೆ ಮೇಲೆ ಹೋದರೆ ಮಕ್ಕಳಿಗೆ ಕಾನ್ಫಿಡೆನ್ಸ್ ಬರುತ್ತದೆ, ನಿಮ್ಮ ಮಗಳಿಗೆ ಅದು ಸ್ವಲ್ಪ ಕಮ್ಮಿ ಎಂದೂ ಹೇಳಿದರು.

ನಾನು ಹಾಸಿಗೆ ಅಳೆದೇ ಕಾಲು ಚಾಚಿದ್ದೆ ಸಾರ್. ಮನೆಯಲ್ಲಿದ್ದ ಸೀರೆಯಲ್ಲೇ ಲಂಗ ಹೊಲಿದಿದ್ದೆ. ಒಂಬತ್ತು ವರ್ಷದ ಮಗುವಿಗೆ ಟೀಚರ್ ಬಾಯಲ್ಲಿ ಬಂದದ್ದೇ ವೇದ. ಬಹುಮಾನ ಇಟ್ಟ ಮೇಲೆ ಕಡ್ಡಾಯ ಅಲ್ಲ ಅನ್ನುವ ಮಾತು ಮಗುವಿಗೆ ತಲುಪುವುದೇ ಇಲ್ಲ. ಇನ್ನು ಕಾನ್ಫಿಡೆನ್ಸ್ ವಿಚಾರ. ನನ್ನ ಮಗಳು ಹೋದ ವರ್ಷ ಇದೇ ವೇದಿಕೆ ಮೇಲೆ ನಿಂತು ಭಾಷಣ ಮಾಡಿ ಎರಡನೇ ಬಹುಮಾನ ತಂದವಳು. ಭಾಷಣ ಯಾರ ಬಗ್ಗೆ ಎಂದು ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಬಾಯಿಪಾಠ ಆಗಿದೆ. ಎಚ್. ನರಸಿಂಹಯ್ಯನವರ ಬಗ್ಗೆ. 1920ರಲ್ಲಿ ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದರು, ಓದಲಿಕ್ಕೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ಕೊನೆವರೆಗೂ ಖಾದಿ ಬಟ್ಟೆ, ಹಾಸ್ಟೆಲಿನ ಒಂದು ರೂಮು. ನಮ್ಮ ಗೌರಿಬಿದನೂರಿನ, ಬಾಗೇಪಲ್ಲಿಯ ನ್ಯಾಷನಲ್ ಕಾಲೇಜುಗಳನ್ನು ಕಟ್ಟಲು ಅವರು ಪಟ್ಟ ಶ್ರಮವನ್ನು ನೀವೇ ಮಕ್ಕಳಿಗೆ ಬರೆದುಕೊಟ್ಟಿದ್ದಿರಿ. ಹಾಗೆ ಬರೆದುಕೊಟ್ಟ ಶಾಲೆಯ ಮೇಲೆ ನನಗೆ ಅಭಿಮಾನ ಇದೆ, ಅದಕ್ಕೇ ಮಗಳನ್ನು ಅಲ್ಲಿಂದ ಬಿಡಿಸದೆ ಈ ಪತ್ರ ಬರೆಯುತ್ತಿದ್ದೇನೆ.

ಕಾನೂನಿನ ಎರಡು ಮಾತು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಯೂನಿಫಾರ್ಮನ್ನು ನೀವು ಹೇಳಿದ ಒಂದೇ ಅಂಗಡಿಯಲ್ಲಿ ತರಬೇಕು, ಆಟದ ಪೀರಿಯಡ್‌ಗೆ ಬ್ರ್ಯಾಂಡೆಡ್ ಶೂನೇ ಆಗಬೇಕು ಎಂದು ಜೂನ್‌ನಲ್ಲಿ ಚೀಟಿ ಕಳಿಸಿದ್ದಿರಿ. ನಮ್ಮ ರಾಜ್ಯದ ಶಿಕ್ಷಣ ಸಂಸ್ಥೆಗಳಿಗೆ 1995ರಲ್ಲಿ ಮಾಡಿದ ನಿಯಮಗಳಲ್ಲಿ 11ನೆಯದು ಇದಕ್ಕೇ ಇದೆ. ಬಟ್ಟೆ ಎಲ್ಲಿ ತರಬೇಕು, ಎಲ್ಲಿ ಹೊಲಿಸಬೇಕು ಅನ್ನುವುದು ಪೋಷಕರ ಆಯ್ಕೆ. ಒಮ್ಮೆ ನಿಗದಿ ಮಾಡಿದ ಯೂನಿಫಾರ್ಮನ್ನು ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಒಂದು ವರ್ಷ ಮುಂಚೆಯೇ ತಿಳಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಆ ಟೀಚರ್ ನೋಯಿಸಬೇಕು ಎಂದು ಮಾಡಿದ್ದಲ್ಲ, ನನಗೆ ಗೊತ್ತು. ಅವರು ನನ್ನ ಮಗಳಿಗೆ ಗಣಿತ ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ. ಅವರ ಮೇಲೆ ಕ್ರಮ ಆಗಲಿ ಎಂದು ನಾನು ಕೇಳುತ್ತಿಲ್ಲ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಆ ಪ್ರಶ್ನೆಯನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿಸಿದ್ದು ಶಾಲೆ.

ಹಾಗಾದರೆ ನಿನಗೆ ಏನು ಬೇಕಮ್ಮ ಅಂದರೆ, ಹೇಳುತ್ತೇನೆ. ಶಾಲೆಯೊಳಗೆ ಯಾವ ಮಗುವಿಗೂ ಬಟ್ಟೆಯ ಬ್ರ್ಯಾಂಡ್, ಬೆಲೆ, ಅಂಗಡಿ ಕೇಳಬಾರದು. ತರಗತಿಯಲ್ಲೂ ಬೇಡ, ವೇದಿಕೆ ಮೇಲೂ ಬೇಡ. ಬೆಸ್ಟ್ ಡ್ರೆಸ್ ಬಹುಮಾನ ಬಿಟ್ಟುಬಿಡಿ. ಹುಟ್ಟುಹಬ್ಬದ ದಿನವೂ ಮಕ್ಕಳು ಯೂನಿಫಾರ್ಮ್‌ನಲ್ಲೇ ಬರಲಿ, ತಲೆಗೊಂದು ಹೂವೋ ಎದೆಗೊಂದು ಬ್ಯಾಡ್ಜೋ ನೀವೇ ಕೊಡಿ. ಮಗುವಿಗೆ ಅದೇ ದೊಡ್ಡ ಸಂಭ್ರಮ. ಕಲರ್ ಡ್ರೆಸ್ ದಿನ ಬೇಕೇ ಬೇಕು ಅನ್ನುವುದಾದರೆ ಒಂದು ಬಣ್ಣ ಹೇಳಿ ಸಾಕು. ಹಳದಿ ಎಂದರೆ ಎಲ್ಲರ ಮನೆಯಲ್ಲೂ ಏನೋ ಒಂದು ಹಳದಿ ಸಿಗುತ್ತದೆ. ಸಂದೇಶದಲ್ಲಿ ಡಿಸೈನರ್, ಬ್ರ್ಯಾಂಡೆಡ್ ಅನ್ನುವ ಮಾತು ಬರುವುದು ಬೇಡ. ಆಟದ ಶೂ ಬಿಳಿಯದು ಇದ್ದರಾಯಿತು, ಕಂಪನಿ ಯಾವುದಾದರೇನು? ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. 11ನೇ ನಿಯಮದ ಕನ್ನಡ ಪ್ರತಿಯನ್ನು ತಾಲ್ಲೂಕಿನ ಎಲ್ಲ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಹಾಕಿಸಬೇಕು ಎಂದು ಅವರನ್ನು ಕೋರುತ್ತೇನೆ. ನನಗೆ ಅದು ಗೊತ್ತಾಗಿದ್ದು ನಮ್ಮ ಗಾರ್ಮೆಂಟ್ಸ್‌ನ ಯೂನಿಯನ್ ಅಕ್ಕ ಹೇಳಿದ್ದರಿಂದ. ಎಲ್ಲರಿಗೂ ಅಂಥ ಅಕ್ಕ ಸಿಗುವುದಿಲ್ಲ.

ಜ್ವರ ಎಂದು ಮಗಳನ್ನು ಮನೆಯಲ್ಲಿ ಕೂರಿಸುವ ತಾಯಂದಿರಿಗೂ, ಚೀಟಿ ದುಡ್ಡು ಕೊಟ್ಟು ಫ್ರಾಕ್ ತರುವ ತಾಯಂದಿರಿಗೂ ನನ್ನದೊಂದು ಮಾತು. ಮುಂದಿನ ಪೋಷಕರ ಸಭೆಗೆ ದಯವಿಟ್ಟು ಬನ್ನಿ. ನೀವು ಮಾತಾಡದಿದ್ದರೂ ಪರವಾಗಿಲ್ಲ, ನಾನು ಮಾತಾಡುವಾಗ ಪಕ್ಕದಲ್ಲಿ ಕೂತಿರಿ. ಟೈಲ್ಸ್ ಅಂಗಡಿ ಅಣ್ಣನವರೂ ಬರಲಿ. ಅವರು ಮಗನಿಗೆ ಕೊಡಿಸುವುದನ್ನು ನಾನು ತಡೆಯುವುದಿಲ್ಲ. ಮಗ ಶಾಲೆಗೆ ಬಂದಾಗ ಪಕ್ಕದ ಹುಡುಗನ ಕಾಲರ್ ಮಗುಚಿ ನೋಡಬಾರದು ಎಂದು ಒಂದು ಮಾತು ಹೇಳಿಕೊಡಲಿ, ಅಷ್ಟೇ.

ಜನವರಿ ಕೊನೆಯ ವಾರ ವಾರ್ಷಿಕೋತ್ಸವ ಎಂದು ನಿನ್ನೆ ಚೀಟಿ ಬಂದಿದೆ. ನಾಲ್ಕನೇ ತರಗತಿಯ 34 ಮಕ್ಕಳ ಡ್ಯಾನ್ಸ್‌ಗೆ ಡಿಸೈನರ್ ಕಾಸ್ಟ್ಯೂಮ್, ಒಂದು ಮಗುವಿಗೆ 1,800 ರೂಪಾಯಿ, 10ನೇ ತಾರೀಕಿನೊಳಗೆ ಕಟ್ಟಬೇಕು. ಇದಕ್ಕೆ ನಾನು ಸುಮ್ನೆ ಬೇಡ ಅನ್ನುತ್ತಿಲ್ಲ. ನಮ್ಮ ಲೈನ್‌ನಲ್ಲಿ ಕೆಲಸ ಮಾಡುವ ಇನ್ನೂ ಮೂವರು ತಾಯಂದಿರ ಮಕ್ಕಳು ನಿಮ್ಮ ಶಾಲೆಯಲ್ಲೇ ಇದ್ದಾರೆ. ನಾಲ್ವರೂ ಕೂತು ಮಾತಾಡಿದ್ದೇವೆ. ಕಾಟನ್ ಬಟ್ಟೆ ಥಾನಿನಲ್ಲಿ ತಂದರೆ, ದಾರ, ಎಲಾಸ್ಟಿಕ್, ಅಂಚು ಎಲ್ಲ ಸೇರಿ ಒಂದು ಮಗುವಿಗೆ 350 ರೂಪಾಯಿ ದಾಟುವುದಿಲ್ಲ ಎಂದು ಲೆಕ್ಕ ಹಾಕಿದ್ದೇವೆ. ಹೊಲಿಗೆಗೆ ದುಡ್ಡು ಬೇಡ. ಎರಡು ಭಾನುವಾರ ಶಾಲೆಯ ಒಂದು ಕೋಣೆ ಮತ್ತು ಕರೆಂಟು ಕೊಟ್ಟರೆ ಸಾಕು, ಮಷೀನು ನಮ್ಮವರ ಗೂಡ್ಸ್ ಆಟೋದಲ್ಲಿ ತರುತ್ತೇವೆ. ಎಲ್ಲದಕ್ಕೂ ಎರಡೆರಡು ಟಕ್ಕು ಹಿಡಿದು ಹೊಲಿಯುತ್ತೇವೆ, ಮುಂದಿನ ವರ್ಷದ ಮಕ್ಕಳಿಗೂ ಆಗುತ್ತದೆ. ಕತ್ತಿನ ಹಿಂದೆ ಮಗುವಿನ ಹೆಸರು ಬರೆದ ಒಂದು ಪಟ್ಟಿ ಇರುತ್ತದೆ, ಬದಲಾಗದಿರಲಿ ಎಂದು.

ಒಪ್ಪಿಗೆ ಇದ್ದರೆ 10ನೇ ತಾರೀಕಿಗೆ ಮುಂಚೆ ಹೇಳಿ. ಬರುವ ಶನಿವಾರ ನಾನು ಮೂರೂವರೆಗೆ ಟೇಪ್ ಹಿಡಿದು ಗೇಟಿನ ಹತ್ತಿರ ಇರುತ್ತೇನೆ, ಮಕ್ಕಳ ಅಳತೆ ತೆಗೆದುಕೊಳ್ಳಲು ಒಂದು ಗಂಟೆ ಬೇಕಾಗುತ್ತದೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ನಾಲ್ಕನೇ ತರಗತಿಯ ಹುಡುಗಿಯ ತಾಯಿ,
ಗೌರಿಬಿದನೂರು ತಾಲ್ಲೂಕು